ಬೆಲ್ಟ್ ಹೊಸದು, ಗಾಡಿ ಮಾತ್ರ ಸ್ಟಾರ್ಟ್ ಆಗದು

ಓಡುತ್ತಿರುವಾಗಲೇ ಟೈಮಿಂಗ್ ಬೆಲ್ಟ್ ತುಂಡಾಗಿ ನಿಂತ ಕಾರಿನಲ್ಲಿ ದೋಷವನ್ನು ಹುಡುಕಬೇಕಾಗಿಲ್ಲ. ಕವರ್ ಬಿಚ್ಚಿದರೆ ಹರಿದ ಬೆಲ್ಟ್ ಕೈಗೇ ಸಿಗುತ್ತದೆ. ಬೆಲ್ಟ್ ಬದಲಿಸಿದ ಮೇಲೆ ಸ್ಟಾರ್ಟ್ ಆಗದ ಕಾರಿನ ಪಾಡು ಹಾಗಲ್ಲ. ಹೊಸ ಬೆಲ್ಟ್, ಹೊಸ ಟೆನ್ಷನರ್, ಹೊಸ ಬೇರಿಂಗ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತಿರುತ್ತವೆ, ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಮೆಕ್ಯಾನಿಕ್ ತನ್ನ ಕೆಲಸದಲ್ಲಿ ತಪ್ಪಿಲ್ಲವೆನ್ನುತ್ತಾನೆ, ಮಾಲೀಕ ನಿನ್ನೆಯವರೆಗೆ ಚೆನ್ನಾಗಿಯೇ ಇದ್ದ ಗಾಡಿ ಎನ್ನುತ್ತಾನೆ, ಮತ್ತು ಅನೇಕ ವೇಳೆ ಇಬ್ಬರ ಮಾತೂ ಅರ್ಧ ನಿಜವಾಗಿರುತ್ತದೆ. ಇಂಥಲ್ಲಿ ಕಾರಣವನ್ನು ಪತ್ತೆಹಚ್ಚುವುದಕ್ಕೆ ಒಂದು ಕ್ರಮವಿದ್ದು, ಆ ಕ್ರಮ ತಪ್ಪಿದರೆ ಸಡಿಲವಾದ ಒಂದು ವೈರಿಗಾಗಿ ಎಂಜಿನ್ನಿನ ಹೆಡ್ ಇಳಿಸುವ, ಇಲ್ಲವೆ ಒಂದೆರಡು ಹಲ್ಲಿನ ತಪ್ಪನ್ನು ವಾಲ್ವ್ ಬಾಗುವವರೆಗೆ ಬೆಳೆಸುವ ಪ್ರಸಂಗ ಬರುತ್ತದೆ.

ಚಾಮರಾಜನಗರ ಜಿಲ್ಲೆಯಲ್ಲಿ, ಅದರಲ್ಲೂ ಗುಂಡ್ಲುಪೇಟೆಯಲ್ಲಿ, ಈ ಸಮಸ್ಯೆಗೆ ಊರಿನ ಭೂಗೋಳವೂ ಸೇರಿಕೊಳ್ಳುತ್ತದೆ. ಮೈಸೂರು, ನಂಜನಗೂಡುಗಳನ್ನು ದಾಟಿ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಸಾಗಿದರೆ, 181ನೇ ಹೆದ್ದಾರಿ ಇಲ್ಲಿಂದಲೇ ಹೊರಟು ಬಂಡೀಪುರ, ಮುದುಮಲೆಗಳ ಮೂಲಕ ಊಟಿಗೆ ಹೋಗುತ್ತದೆ. ಎರಡೂ ದಾರಿಗಳು ಹುಲಿ ಸಂರಕ್ಷಿತ ಕಾಡನ್ನು ಹಾಯುವುದರಿಂದ, 2009ರಲ್ಲಿ ಜಾರಿಗೆ ಬಂದು ಮರುವರ್ಷ ಕರ್ನಾಟಕ ಹೈಕೋರ್ಟು ಎತ್ತಿಹಿಡಿದ ನಿರ್ಬಂಧದಂತೆ, ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳನ್ನು ಬಿಟ್ಟು ಉಳಿದ ವಾಹನಗಳಿಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಪ್ರವೇಶವಿಲ್ಲ. ಬಾಡಿಗೆಗೆ ಓಡುವ ಕಾರು ಸಂಜೆ ವರ್ಕ್‌ಶಾಪಿನಲ್ಲಿದ್ದರೆ, ಒಂಬತ್ತರೊಳಗೆ ಮದ್ದೂರು ಚೆಕ್‌ಪೋಸ್ಟ್ ಅಥವಾ ಮೇಲುಕಾಮನಹಳ್ಳಿ ದಾಟಲೇಬೇಕೆಂಬ ಅವಸರ ಚಾಲಕನಿಗೂ ಇರುತ್ತದೆ, ಪಾನಾ ಹಿಡಿದವನಿಗೂ ಇರುತ್ತದೆ. ಟೈಮಿಂಗ್ ಬೆಲ್ಟಿನ ಕೆಲಸದಲ್ಲಿ ಅವಸರಕ್ಕೆ ಬಲಿಯಾಗುವ ಮೊದಲ ಹಂತವೆಂದರೆ ಕೊನೆಯಲ್ಲಿ ಮಾಡಬೇಕಾದ ಪರಿಶೀಲನೆ. ಮುಂದೆ ಹೇಳಲಿರುವ ದೋಷಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಎಲ್ಲ ಕಾರುಗಳಲ್ಲೂ ಬೆಲ್ಟ್ ಇರುವುದಿಲ್ಲ. ಸ್ವಿಫ್ಟ್ ಮತ್ತು ಡಿಸೈರ್‌ಗಳ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿಯೂ 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾದ ಡೀಸೆಲ್ ಎಂಜಿನ್ನಿನಲ್ಲಿಯೂ ಅದರ ಕೆಲಸವನ್ನು ಉಕ್ಕಿನ ಚೈನ್ ಮಾಡುತ್ತದೆ. ಆದರೆ 1998ರ ಕೊನೆಯಲ್ಲಿ ಬಿಡುಗಡೆಯಾಗಿ ಮುಂದೆ ಊರೂರ ಟ್ಯಾಕ್ಸಿಯಾದ ಇಂಡಿಕಾ ಡೀಸೆಲ್, 2005ರಲ್ಲಿ ಬಂದ ಮೊದಲ ತಲೆಮಾರಿನ ಇನ್ನೋವಾದ 2.5 ಲೀಟರ್ ಡೀಸೆಲ್, ಲೋಗನ್ ಮತ್ತು ಡಸ್ಟರ್‌ಗಳ 1.5 ಲೀಟರ್ ಡೀಸೆಲ್, ಹಳೆಯ ಸ್ಯಾಂಟ್ರೊ, ಮಾರುತಿ 800 ಇವೆಲ್ಲ ಬೆಲ್ಟಿನ ಗಾಡಿಗಳು. ಹಲ್ಲುಳ್ಳ ರಬ್ಬರ್ ಬೆಲ್ಟನ್ನು ಎಂಜಿನ್ನಿನ ಒಳಗಿನ ಈ ಕೆಲಸಕ್ಕೆ ಮೊದಲು ಬಳಸಿದ ಉತ್ಪಾದನಾ ಕಾರು 1962ರ ಜರ್ಮನಿಯ ಗ್ಲಾಸ್ 1004. ಚೈನಿಗಿಂತ ಹಗುರ, ಸದ್ದು ಕಡಿಮೆ, ಎಣ್ಣೆ ಬೇಡ ಎಂಬ ಕಾರಣಕ್ಕೆ ಅದು ಬಹುಬೇಗ ಹರಡಿತು. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಗಾಜಿನ ನಾರನ್ನು ಒಳಗಿಟ್ಟು ಮಾಡಿದ ಆ ರಬ್ಬರಿಗೆ ಇಂತಿಷ್ಟು ಕಿಲೋಮೀಟರ್ ಅಥವಾ ಇಂತಿಷ್ಟು ವರ್ಷ ಎಂಬ ಆಯುಸ್ಸಿದ್ದು, ತಯಾರಕರ ಕೈಪಿಡಿ ಹೇಳಿದ ಹೊತ್ತಿಗೆ, ಅದು ನೋಡಲು ಗಟ್ಟಿಯಾಗಿಯೇ ಇದ್ದರೂ, ತೆಗೆದುಹಾಕಬೇಕು.

ಬೆಲ್ಟ್ ಮಾಡುವ ಕೆಲಸ ಇಷ್ಟೇ: ಪಿಸ್ಟನ್ನುಗಳನ್ನು ಏರಿಳಿಸುವ ಕ್ರ್ಯಾಂಕ್ ಶಾಫ್ಟನ್ನೂ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟನ್ನೂ ಒಂದೇ ಲೆಕ್ಕದಲ್ಲಿ ತಿರುಗಿಸುವುದು. ಗಾಳಿ ಎಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಹೊರದೂಡುವುದು ಎಂಬ ನಾಲ್ಕು ಹೆಜ್ಜೆಗಳಿಗೆ ಕ್ರ್ಯಾಂಕ್ ಎರಡು ಸುತ್ತು ಬರಬೇಕು, ಅಷ್ಟರಲ್ಲಿ ಪ್ರತಿ ವಾಲ್ವ್ ಒಂದೇ ಸಲ ತೆರೆಯಬೇಕು. ಆದುದರಿಂದ ಕ್ಯಾಮಿನ ಹಲ್ಲುಗಾಲಿಯಲ್ಲಿ ಕ್ರ್ಯಾಂಕಿನದಕ್ಕಿಂತ ಸರಿಯಾಗಿ ಎರಡರಷ್ಟು ಹಲ್ಲುಗಳಿರುತ್ತವೆ. ಕ್ರ್ಯಾಂಕಿನ ಗಾಲಿಯಲ್ಲಿ 20 ಹಲ್ಲಿದ್ದರೆ, ಬೆಲ್ಟ್ ಒಂದು ಹಲ್ಲು ಆಚೀಚೆ ಕೂತರೂ ಲೆಕ್ಕ 18 ಡಿಗ್ರಿ ತಪ್ಪುತ್ತದೆ. ಒಂದು ಹಲ್ಲು ತಪ್ಪಿದರೆ ಸಾಮಾನ್ಯವಾಗಿ ಗಾಡಿ ಸ್ಟಾರ್ಟ್ ಆಗುತ್ತದೆ, ಆದರೆ ಎಳೆತ ಕಡಿಮೆಯಾಗಿ ಮಿಸ್ಸಿಂಗ್ ಹೊಡೆಯುತ್ತದೆ. ಎರಡು ಮೂರು ತಪ್ಪಿದರೆ ಸ್ಟಾರ್ಟ್ ಆಗುವುದೇ ಕಷ್ಟ. ಅದನ್ನೂ ಮೀರಿದರೆ, ಮೇಲೇರುವ ಪಿಸ್ಟನ್ನಿನ ದಾರಿಯಲ್ಲಿ ವಾಲ್ವ್ ಇನ್ನೂ ತೆರೆದೇ ಇರುವ ಸಂಭವವಿದೆ. ಬೀಸು ಕಂಸಾಳೆಯ ಕುಣಿತದಲ್ಲಿ ತಾಳ ಹಿಡಿದ ಕೈಗಳು ಪಕ್ಕದವನ ತಲೆಯ ಸಮೀಪದಲ್ಲೇ ಹಾದುಹೋದರೂ ತಗಲದಿರುವುದು ಲಯದ ಒಂದೇ ಆಸರೆಯಿಂದ; ಪಿಸ್ಟನ್ ಮತ್ತು ವಾಲ್ವುಗಳು ಒಂದೇ ಜಾಗವನ್ನು ಬೇರೆ ಬೇರೆ ಕ್ಷಣಗಳಲ್ಲಿ ಬಳಸುವುದೂ ಹಾಗೆಯೇ. ಡೀಸೆಲ್ ಎಂಜಿನ್ನುಗಳಲ್ಲಿ ಗಾಳಿಯನ್ನು ಬಹಳ ಸಣ್ಣ ಜಾಗಕ್ಕೆ ಒತ್ತಬೇಕಾದ್ದರಿಂದ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಬಿಡುವು ಇಲ್ಲವೆಂಬಷ್ಟು ಕಡಿಮೆ, ಹಾಗಾಗಿ ಅಲ್ಲಿ ಲೆಕ್ಕ ತಪ್ಪಿದರೆ ಪೆಟ್ಟು ಖಚಿತವೆಂದೇ ಭಾವಿಸಬೇಕು.

ಪರೀಕ್ಷೆಯ ಮೊದಲ ಹೆಜ್ಜೆ ಒಂದು ಪ್ರಶ್ನೆ: ಗಾಡಿ ವರ್ಕ್‌ಶಾಪಿಗೆ ತಾನೇ ಓಡಿಕೊಂಡು ಬಂತೋ, ಎಳೆದು ತರಲಾಯಿತೋ? ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಅವಧಿ ಮುಗಿಯಿತೆಂದು ಬೆಲ್ಟ್ ಬದಲಿಸಿಕೊಳ್ಳಲು ಬಂದ ಕಾರಿನ ಎಂಜಿನ್ ಬಾಗಿಲಿಗೆ ಬಂದಾಗ ಆರೋಗ್ಯವಾಗಿಯೇ ಇತ್ತು; ಆದ್ದರಿಂದ ಈಗಿನ ದೋಷ ಆ ಕೆಲಸದ ಹೊತ್ತಿನಲ್ಲಿ ಮುಟ್ಟಿದ, ಬಿಚ್ಚಿದ, ಸರಿಸಿದ ಯಾವುದೋ ಒಂದರಲ್ಲಿದೆ ಎಂದು ಬಹುಮಟ್ಟಿಗೆ ನಂಬಬಹುದು. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯ 36 ಹಿಮ್ಮುರಿ ತಿರುವುಗಳಲ್ಲಿ ಎಲ್ಲೋ ಬೆಲ್ಟ್ ಹರಿದು, ಟೋ ಮಾಡಿಸಿಕೊಂಡು ಬಂದ ಕಾರಿನ ವಿಷಯ ಬೇರೆ. ಅಲ್ಲಿ ಬೆಲ್ಟ್ ಹರಿದ ಕ್ಷಣದಲ್ಲೇ ವಾಲ್ವುಗಳು ಬಾಗಿರುವ ಸಾಧ್ಯತೆ ದೊಡ್ಡದಾಗಿದ್ದು, ಹೆಡ್ ಪರೀಕ್ಷಿಸದೆ ಹೊಸ ಬೆಲ್ಟ್ ಹಾಕಿ ಸೆಲ್ಫ್ ಹೊಡೆದು ನೋಡುವುದು ಹಣವನ್ನೂ ಹೊತ್ತನ್ನೂ ಕಳೆಯುವ ದಾರಿ. ಹೀಗೆ ಮಾಡಿ, ಗಾಡಿ ಸ್ಟಾರ್ಟ್ ಆಗದೆ ಹೋದಾಗ, ಬೆಲ್ಟ್ ಹಾಕಿದವನ ಮೇಲೆ ದೂರು ಬರುವುದು ಸಾಮಾನ್ಯ. ಅವನ ತಪ್ಪು ಬೆಲ್ಟ್ ಹಾಕಿದ್ದರಲ್ಲಿಲ್ಲ, ಅದಕ್ಕೆ ಮೊದಲು ಕಂಪ್ರೆಷನ್ ನೋಡದಿದ್ದುದರಲ್ಲಿದೆ.

ಎರಡನೆಯ ಹೆಜ್ಜೆ ಕಿವಿಯದು. ಕೀ ತಿರುಗಿಸಿದಾಗ ಎಂಜಿನ್ ತಿರುಗುವುದೇ ಇಲ್ಲವಾದರೆ, ಅಥವಾ ಬರಿಯ ಟಕ್ ಟಕ್ ಸದ್ದು ಬಂದರೆ, ಟೈಮಿಂಗಿನ ಮಾತನ್ನು ಸದ್ಯಕ್ಕೆ ಬದಿಗಿಡಬೇಕು. ಅಡ್ಡಲಾಗಿ ಕೂರಿಸಿದ ಎಂಜಿನ್ನುಗಳಲ್ಲಿ ಬೆಲ್ಟ್ ಬದಲಿಸಲು ಒಂದು ಬದಿಯ ಎಂಜಿನ್ ಮೌಂಟಿಂಗ್ ಬಿಚ್ಚಿ, ಕೆಳಗಿನಿಂದ ಜಾಕ್ ಕೊಟ್ಟು ಎಂಜಿನ್ನನ್ನು ಎತ್ತಿಯೂ ಇಳಿಸಿಯೂ ಕೆಲಸ ಮಾಡಬೇಕಾಗುವುದರಿಂದ, ಬಾಡಿಗೂ ಎಂಜಿನ್ನಿಗೂ ನಡುವಿನ ಅರ್ಥ್ ವೈರನ್ನು ಬಿಚ್ಚಿ ಮರೆಯುವುದು, ಬ್ಯಾಟರಿ ಟರ್ಮಿನಲ್ ಸಡಿಲ ಬಿಡುವುದು ಅಪರೂಪವಲ್ಲ. ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗಿಳಿಯಬಾರದು. ದಿನಗಟ್ಟಲೆ ಬಾನೆಟ್ ತೆರೆದು, ಒಳಗಿನ ದೀಪ ಉರಿಯುತ್ತ ನಿಂತ ಕಾರಿನಲ್ಲಿ ಬ್ಯಾಟರಿಯೇ ಸೋತಿದ್ದರೆ ಅದಕ್ಕೆ ಬೆಲ್ಟ್ ಹೊಣೆಯಲ್ಲ.

ಎಂಜಿನ್ ತಿರುಗುತ್ತಿದ್ದರೆ ಅದು ಹೇಗೆ ತಿರುಗುತ್ತಿದೆ ಎಂಬುದನ್ನು ಗಮನವಿಟ್ಟು ಕೇಳಬೇಕು. ಆರೋಗ್ಯವಂತ ಎಂಜಿನ್ನಿಗೆ ಸೆಲ್ಫ್ ಹೊಡೆದಾಗ ಪ್ರತಿ ಸಿಲಿಂಡರೂ ಗಾಳಿಯನ್ನು ಒತ್ತುವ ಹೊತ್ತಿಗೆ ಮೋಟಾರು ಸ್ವಲ್ಪ ತಿಣುಕುವುದರಿಂದ, ಆ ಸದ್ದಿನಲ್ಲಿ ಒಂದು ಏರಿಳಿತ ಇರುತ್ತದೆ. ಆ ಏರಿಳಿತವೇ ಇಲ್ಲದೆ ಎಂಜಿನ್ ಹಗುರವಾಗಿ, ಎಂದಿಗಿಂತ ವೇಗವಾಗಿ ಗಿರ್ರನೆ ತಿರುಗಿದರೆ ಸಿಲಿಂಡರುಗಳಲ್ಲಿ ಒತ್ತಡ ನಿಲ್ಲುತ್ತಿಲ್ಲವೆಂದು ಅರ್ಥ. ಬೆಲ್ಟ್ ಬಹಳ ತಪ್ಪಿ ಕೂತಿರಬೇಕು, ಇಲ್ಲವೆ ವಾಲ್ವುಗಳು ಬಾಗಿರಬೇಕು. ಮೂರು ಸಲ ತಿಣುಕಿ ನಾಲ್ಕನೆಯದಕ್ಕೆ ಜಾರಿದಂತೆ ಕೇಳಿಸಿದರೆ ಒಂದು ಸಿಲಿಂಡರಷ್ಟೇ ಕೆಟ್ಟಿದೆ. ಏರ್ ಫಿಲ್ಟರಿನ ಕಡೆಗೆ ಫಟ್ಟೆಂದು ಸಿಡಿದರೆ, ಸೈಲೆನ್ಸರಿನಲ್ಲಿ ಹೊಡೆದರೆ, ಅಥವಾ ಎಂಜಿನ್ ಹಿಂದಕ್ಕೆ ಒದ್ದಂತೆ ತಡೆದು ತಡೆದು ತಿರುಗಿದರೆ, ಉರಿಯುವ ಕೆಲಸ ನಡೆಯುತ್ತಿದೆ ಆದರೆ ಹೊತ್ತಲ್ಲದ ಹೊತ್ತಿನಲ್ಲಿ ನಡೆಯುತ್ತಿದೆ. ಸದ್ದು ಎಂದಿನಂತೆಯೇ ಇದ್ದು ಸ್ಟಾರ್ಟ್ ಮಾತ್ರ ಆಗದಿದ್ದರೆ ಮೆಕ್ಯಾನಿಕನಿಗೆ ಅದು ಶುಭಸೂಚನೆ, ಏಕೆಂದರೆ ಆಗ ಕೊರತೆಯಿರುವುದು ಹೆಚ್ಚಾಗಿ ಕಿಡಿಯದೋ ಡೀಸೆಲಿನದೋ ಒಂದು ಸೆನ್ಸರಿನದೋ ಆಗಿರುತ್ತದೆ.

ಇಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕ್ ಯಾವ ಕೋನದಲ್ಲಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದನ್ನು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಈ ಬೆರಳುದ್ದದ ಸಾಧನವು ಅನೇಕ ಕಾರುಗಳಲ್ಲಿ ಬೆಲ್ಟ್ ಇರುವ ಬದಿಯಲ್ಲೇ, ಕ್ರ್ಯಾಂಕ್ ಗಾಲಿಯ ಹಿಂದಿನ ಹಲ್ಲಿನ ಬಳೆಗೆ ಎದುರಾಗಿ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಕೂತಿರುತ್ತದೆ. ಆ ಬಳೆಯಲ್ಲಿ ಬೇಕೆಂದೇ ಒಂದೆರಡು ಹಲ್ಲು ಬಿಟ್ಟಿದ್ದು, ಆ ಖಾಲಿ ಜಾಗ ಹಾದುಹೋದಾಗ ಕಂಪ್ಯೂಟರಿಗೆ ಸುತ್ತಿನ ಮೊದಲು ಯಾವುದೆಂದು ತಿಳಿಯುತ್ತದೆ. ಬೆಲ್ಟ್ ಬದಲಿಸುವಾಗ ಸೆನ್ಸರಿನ ಕಪ್ಲರ್ ಬಿಚ್ಚಿ ಸಿಕ್ಕಿಸಲು ಮರೆತಿರಬಹುದು, ವೈರು ಕವರಿನ ಅಂಚಿಗೆ ಸಿಕ್ಕಿ ಕಡಿದಿರಬಹುದು, ಸೆನ್ಸರಿನ ತುದಿಗೆ ಪಾನಾ ತಗುಲಿ ಒಡೆದಿರಬಹುದು, ಅಥವಾ ಹಲ್ಲಿನ ತಟ್ಟೆ ಬಿಡಿಯಾಗಿ ಬರುವ ಎಂಜಿನ್ನುಗಳಲ್ಲಿ ಅದನ್ನು ಮುಂದು ಹಿಂದಾಗಿ ಹಾಕಿರಬಹುದು. ಯಾವುದೇ ಆದರೂ ಕಂಪ್ಯೂಟರಿನ ಪಾಲಿಗೆ ಎಂಜಿನ್ ನಿಂತೇ ಇದೆ. ನಿಂತ ಎಂಜಿನ್ನಿಗೆ ಅದು ಕಿಡಿಯನ್ನೂ ಕೊಡುವುದಿಲ್ಲ, ಇಂಧನವನ್ನೂ ಕೊಡುವುದಿಲ್ಲ. ಸ್ಕ್ಯಾನರ್ ಜೋಡಿಸಿ ಸೆಲ್ಫ್ ಹೊಡೆಯುತ್ತ ನೋಡಿದರೆ ಸಾಮಾನ್ಯವಾಗಿ ನಿಮಿಷಕ್ಕೆ 150ರಿಂದ 250 ಸುತ್ತು ಕಾಣಬೇಕಾದಲ್ಲಿ ಸೊನ್ನೆ ಕಾಣುತ್ತದೆ, ಮತ್ತು ಅಲ್ಲಿಗೆ ಹುಡುಕಾಟ ಮುಗಿಯುತ್ತದೆ. ಪಿ 0335 ಎಂಬ ಸಂಕೇತ ಕ್ರ್ಯಾಂಕ್ ಸೆನ್ಸರನ್ನೂ ಪಿ 0340 ಕ್ಯಾಮ್ ಸೆನ್ಸರನ್ನೂ ಸೂಚಿಸುತ್ತದೆ. ಪಿ 0016 ಬಂದರೆ ಸೆನ್ಸರುಗಳೆರಡೂ ಮಾತನಾಡುತ್ತಿವೆ, ಆದರೆ ಅವುಗಳ ಮಾತು ಒಂದಕ್ಕೊಂದು ಹೊಂದುತ್ತಿಲ್ಲವೆಂದು ತಿಳಿಯಬೇಕು. ಬೆಲ್ಟ್ ಬದಲಿಸಿದ ಮರುಕ್ಷಣವೇ ಆ ಸಂಕೇತ ಕಂಡರೆ ಬೆಲ್ಟ್ ತಪ್ಪಿ ಕೂತಿದೆಯೆಂಬ ಅನುಮಾನವೇ ಮೊದಲು ಬರಬೇಕು. ಹಾಗೆಂದು ಸ್ಕ್ಯಾನರ್ ತೋರಿಸಿದ ಭಾಗವನ್ನೆಲ್ಲ ಕೊಂಡು ಹಾಕುವುದು ಪರೀಕ್ಷೆಯಲ್ಲ; ಸಂಕೇತ ತೋರುವುದು ದಿಕ್ಕನ್ನಷ್ಟೇ, ಕಪ್ಲರ್ ಸಡಿಲವೋ ಸೆನ್ಸರ್ ಸತ್ತಿದೆಯೋ ಎಂಬುದನ್ನು ಕೈಯಿಂದ ಮುಟ್ಟಿಯೇ ನೋಡಬೇಕು.

ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಅದೇ ತರ್ಕ ನಡೆಯುತ್ತದೆ. ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ತಿರುವುಮುರುವಾಗಿ ಕೂರಿಸಿದ್ದರೆ, ಅಥವಾ ಪ್ಲಗ್ಗಿನ ವೈರುಗಳನ್ನು ಕ್ರಮ ತಪ್ಪಿಸಿ ಹಾಕಿದ್ದರೆ ಬೆಲ್ಟ್ ಸರಿಯಿದ್ದೂ ಎಂಜಿನ್ ಸಿಡಿಯುತ್ತದೆ. ಸಾಮಾನ್ಯ ನಾಲ್ಕು ಸಿಲಿಂಡರ್ ಎಂಜಿನ್ನಿನ ಕ್ರಮ 1-3-4-2, ಮೂರು ಸಿಲಿಂಡರಿನ ಮಾರುತಿ 800ರದು 1-3-2.

ಕಪ್ಲರುಗಳೂ ಕಿಡಿಯೂ ಸರಿಯಿವೆಯೆಂದಾದ ಮೇಲೆ ಕವರ್ ಬಿಚ್ಚಿ ಗುರುತುಗಳನ್ನು ನೋಡಬೇಕು, ಮತ್ತು ಈ ಕೆಲಸವನ್ನು ಸೆಲ್ಫ್ ಹೊಡೆದಲ್ಲ, ಕೈಯಿಂದಲೇ ಮಾಡಬೇಕು. ಪ್ಲಗ್ ಅಥವಾ ಗ್ಲೋ ಪ್ಲಗ್ ಬಿಚ್ಚಿ ಒಳಗಿನ ಒತ್ತಡ ಬಿಡಿಸಿ, ಕ್ರ್ಯಾಂಕಿನ ಬೋಲ್ಟಿಗೆ ಉದ್ದನೆಯ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿದಾಗ, ಕ್ರ್ಯಾಂಕಿನ ಗುರುತೂ ಕ್ಯಾಮಿನ ಗುರುತೂ ಮತ್ತೆ ತಮ್ಮ ತಮ್ಮ ಸ್ಥಾನಕ್ಕೆ ಬಂದು ನಿಲ್ಲಬೇಕು. ಹೀಗೆ ತಿರುಗಿಸುವಾಗ ಲೋಹಕ್ಕೆ ಲೋಹ ತಾಗಿದಂತೆ ಗಟ್ಟಿಯಾಗಿ ನಿಂತರೆ ಅಲ್ಲೇ ನಿಲ್ಲಿಸಬೇಕು. ಆ ತಡೆ ಪಿಸ್ಟನ್ ವಾಲ್ವಿಗೆ ಆನಿಕೊಂಡದ್ದರ ಗುರುತು. ಕೈಯ ಬಲಕ್ಕೆ ವಾಲ್ವ್ ಬಾಗುವುದು ಅಪರೂಪ, ಸೆಲ್ಫ್ ಮೋಟಾರಿನ ಬಲಕ್ಕೆ ಬಾಗದೆ ಉಳಿಯುವುದು ಅಪರೂಪ. ಬೆಲ್ಟ್ ಹಾಕಿದೊಡನೆ ಈ ಎರಡು ಸುತ್ತು ತಿರುಗಿಸಿ ನೋಡದೆ ಕೀ ಹಾಕಿದವನು ಅದೃಷ್ಟವನ್ನು ನಂಬಿ ಕೆಲಸ ಮಾಡಿದಂತೆಯೇ ಸರಿ.

ಗುರುತು ತಪ್ಪುವುದಕ್ಕೆ ಸಾಮಾನ್ಯ ಕಾರಣ ನಿರ್ಲಕ್ಷ್ಯವಲ್ಲ, ಗುರುತುಗಳ ಗೊಂದಲ. ಒಂದೇ ಗಾಲಿಯ ಮೇಲೆ ಚುಕ್ಕೆ, ಗೀರು, ಬಾಣ ಎಂದು ಎರಡು ಮೂರು ಚಿಹ್ನೆಗಳಿದ್ದು, ಕೆಲವು ಬೇರೆ ಮಾದರಿಯ ಎಂಜಿನ್ನಿಗೆ, ಕೆಲವು ಕಿಡಿಯ ಹೊತ್ತನ್ನು ಅಳೆಯಲು ಮೀಸಲಾಗಿರುತ್ತವೆ. ಇದನ್ನು ತಪ್ಪಿಸಿಕೊಳ್ಳಲು ಹಳೆಯ ಬೆಲ್ಟ್ ಬಿಚ್ಚುವ ಮೊದಲೇ ಬೆಲ್ಟಿಗೂ ಗಾಲಿಗಳಿಗೂ ವೈಟ್ನರಿನಿಂದ ಗುರುತು ಹಾಕಿ, ಹಲ್ಲೆಣಿಸಿ, ಹೊಸ ಬೆಲ್ಟಿಗೆ ಅದನ್ನೇ ಇಳಿಸಿಕೊಳ್ಳುವ ರೂಢಿ ಇದೆ. ಈ ರೂಢಿ ಒಳ್ಳೆಯದೇ, ಆದರೆ ಹಳೆಯ ಬೆಲ್ಟೇ ಒಂದು ಹಲ್ಲು ಹಾರಿ ಕೂತಿದ್ದರೆ ಆ ತಪ್ಪೂ ಹೊಸದಕ್ಕೆ ನಿಷ್ಠೆಯಿಂದ ಇಳಿಯುತ್ತದೆ; ತಯಾರಕರ ಗುರುತಿನೊಡನೆ ಹೋಲಿಸಿ ನೋಡುವುದಕ್ಕೆ ಅದು ಬದಲಿಯಾಗಲಾರದು. ಮತ್ತೊಂದು ಎಡವಟ್ಟು ಟೆನ್ಷನರಿನದು. ಬೆಲ್ಟ್ ಹಾಕುವಾಗ ಸಡಿಲವೆಲ್ಲ ಟೆನ್ಷನರ್ ಇರುವ ಬದಿಗೇ ಉಳಿದು, ಎದುರಿನ ಬದಿ ನೇರವಾಗಿ ಬಿಗಿದಿರಬೇಕು. ಹಾಗಿಲ್ಲದಿದ್ದರೆ, ಟೆನ್ಷನರ್ ಬಿಟ್ಟೊಡನೆ ಅದು ಸಡಿಲವನ್ನು ಎಳೆದುಕೊಳ್ಳುವ ಭರದಲ್ಲಿ ಕ್ಯಾಮನ್ನೇ ಒಂದು ಹಲ್ಲು ತಿರುಗಿಸಿಬಿಡುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಟೆನ್ಷನರುಗಳನ್ನು ಒತ್ತಿ ಪಿನ್ ಸಿಕ್ಕಿಸಿ ಕೂರಿಸಬೇಕಾಗುತ್ತದೆ, ಕೊನೆಗೆ ಆ ಪಿನ್ ಎಳೆಯಲು ಮರೆತರೆ ಬೆಲ್ಟ್ ಬಿಗಿಯಾಗುವುದೇ ಇಲ್ಲ. ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚಿಲ್ಲದೆ ಅಂದಾಜಿನ ಮೇಲೆ ಬಿಗಿದಾಗ ಹಲ್ಲುಗಾಲಿಯನ್ನು ಹಿಡಿದಿಡುವ ಕೀ, ಅಂದರೆ ಸಣ್ಣ ಉಕ್ಕಿನ ತುಂಡು, ಸವೆದು ಅಥವಾ ಕತ್ತರಿಸಿ ಗಾಲಿ ಶಾಫ್ಟಿನ ಮೇಲೆ ಜಾರುವುದೂ ಉಂಟು. ಹೊರಗಿನಿಂದ ನೋಡಿದರೆ ಗುರುತುಗಳೆಲ್ಲ ಸರಿಯಾಗಿಯೇ ಕಾಣುವುದರಿಂದ ಇದು ಅತ್ಯಂತ ಮೋಸದ ದೋಷ. ಮೊದಲನೆಯ ಸಿಲಿಂಡರಿನ ಪ್ಲಗ್ ತೂತಿನೊಳಗೆ ತೆಳ್ಳನೆಯ ಕಡ್ಡಿ ಇಳಿಸಿ, ಗಾಲಿಯ ಗುರುತು ಮೇಲೆ ಬಂದಾಗ ಪಿಸ್ಟನ್ ನಿಜವಾಗಿಯೂ ಮೇಲಿದೆಯೇ ಎಂದು ನೋಡಿದರೆ ಮೋಸ ಬಯಲಾಗುತ್ತದೆ.

ಇಂಡಿಕಾದಂಥ ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಲೆಕ್ಕಕ್ಕೆ ಮೂರನೆಯ ಪಾಲುದಾರ ಇರುತ್ತದೆ: ಡೀಸೆಲನ್ನು ಪ್ರತಿ ಸಿಲಿಂಡರಿಗೂ ಸರಿಯಾದ ಹೊತ್ತಿಗೆ ಚಿಮ್ಮಿಸುವ ರೋಟರಿ ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಗಾಳಿಯನ್ನು ಒತ್ತಿ, ಮತ್ತೊಮ್ಮೆ ಹೊಗೆಯನ್ನು ದೂಡಿ. ಪಿಸ್ಟನ್ನಿಗೆ ಈ ಎರಡರ ವ್ಯತ್ಯಾಸ ಗೊತ್ತಿಲ್ಲ, ಅದನ್ನು ನಿರ್ಧರಿಸುವುದು ಕ್ಯಾಮ್. ಆದ್ದರಿಂದ ಕ್ಯಾಮ್ ಅರ್ಧ ಸುತ್ತು ಬೇರೆಯಾಗಿ ಕೂತರೂ, ಕ್ರ್ಯಾಂಕಿನ ಗುರುತು ಸರಿಯಿದ್ದರೆ, ವಾಲ್ವುಗಳಿಗೂ ಪಿಸ್ಟನ್ನುಗಳಿಗೂ ಏನೂ ಆಗುವುದಿಲ್ಲ, ಕಂಪ್ರೆಷನ್ನೂ ಸರಿಯಾಗಿಯೇ ಸಿಗುತ್ತದೆ. ಪಂಪ್ ಮಾತ್ರ ಹೊಗೆ ದೂಡುವ ಹೊತ್ತಿನಲ್ಲಿ ಡೀಸೆಲ್ ಚಿಮ್ಮಿಸುತ್ತಿರುತ್ತದೆ. ಸೆಲ್ಫ್ ಹೊಡೆದಷ್ಟೂ ಸೈಲೆನ್ಸರಿನಿಂದ ಉರಿಯದ ಡೀಸೆಲಿನ ಬಿಳಿ ಹೊಗೆ ಬರುತ್ತ, ಎಂಜಿನ್ ಒಂದು ಸಲವೂ ಹಿಡಿಯದಿದ್ದರೆ ಪಂಪಿನ ಗುರುತನ್ನು ಮತ್ತೆ ನೋಡಬೇಕು. ಬಿಳಿ ಹೊಗೆಯೂ ಇಲ್ಲದಿದ್ದರೆ ಡೀಸೆಲ್ ಬರುತ್ತಲೇ ಇಲ್ಲ. ಆಗ ಮೊದಲು ನೋಡಬೇಕಾದದ್ದು ಪಂಪಿನ ಮೇಲಿರುವ, ಎಂಜಿನ್ ನಿಲ್ಲಿಸಲೆಂದು ಇಟ್ಟ ಸೊಲೆನಾಯ್ಡಿನ ಒಂಟಿ ವೈರು. ಕೀ ಹಾಕಿದಾಗ ಅಲ್ಲಿ ಟಕ್ಕೆಂಬ ಸಣ್ಣ ಸದ್ದು ಬರಬೇಕು. ವೈರು ಸರಿಯಿದ್ದರೆ ಲೈನಿನಲ್ಲಿ ಏರ್ ಹಿಡಿದಿರಬಹುದು, ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ, ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಸಡಿಲಿಸಿ ಗಾಳಿ ತೆಗೆಯಬೇಕು. ಇನ್ನೋವಾ, ಡಸ್ಟರ್‌ಗಳಂಥ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಪಂಪ್ ಒತ್ತಡವನ್ನಷ್ಟೇ ಹುಟ್ಟಿಸುತ್ತದೆ, ಚಿಮ್ಮುವ ಹೊತ್ತನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಅಲ್ಲಿ ಈ ನಟ್ಟು ಸಡಿಲಿಸುವ ಹಳೆಯ ಪದ್ಧತಿಯನ್ನು ಎಂದೂ ಅನುಸರಿಸಬಾರದು, ಏಕೆಂದರೆ ಎಂಜಿನ್ ಓಡುವಾಗ ಸಾವಿರ ಬಾರ್ ಮೀರಬಲ್ಲ ಆ ಒತ್ತಡದಲ್ಲಿ ಹೊರಬಂದ ಡೀಸೆಲ್ ಚರ್ಮವನ್ನು ತೂರಿ ಮೈಯೊಳಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಎಂಜಿನ್ ಹಿಡಿಯದಿದ್ದರೆ ಕಂಪ್ರೆಷನ್ ಗೇಜ್ ತರಬೇಕು. ಒಳ್ಳೆಯ ಪೆಟ್ರೋಲ್ ಎಂಜಿನ್ ಸಿಲಿಂಡರಿನಲ್ಲಿ ಸುಮಾರು 150ರಿಂದ 180 ಪಿಎಸ್‌ಐ ಒತ್ತಡ ಹುಟ್ಟಬೇಕು, ಡೀಸೆಲಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವ ಗುಂಡ್ಲುಪೇಟೆಯಲ್ಲಿ ಗಾಳಿಯ ಒತ್ತಡವೇ ಶೇಕಡ 9ರಷ್ಟು ಕಡಿಮೆಯಿರುವುದರಿಂದ ಗೇಜ್ ತೋರುವ ಅಂಕಿಯೂ ಕೈಪಿಡಿಯದಕ್ಕಿಂತ ಅಷ್ಟು ಕಡಿಮೆಯಿರುವುದು ಸಹಜ, 2240 ಮೀಟರ್ ಎತ್ತರದ ಊಟಿಯಲ್ಲಿ ಕಾಲುಭಾಗದ ಹತ್ತಿರ ಕಡಿಮೆ. ಮುಖ್ಯವಾದದ್ದು ಅಂಕಿಗಿಂತ ಅಂಕಿಗಳ ನಡುವಿನ ಹೋಲಿಕೆ. ನಾಲ್ಕೂ ಸಿಲಿಂಡರುಗಳಲ್ಲಿ ಒತ್ತಡ ಒಂದೇ ಸಮನಾಗಿ ಇಳಿದಿದ್ದರೆ ಬೆಲ್ಟ್ ತಪ್ಪಿ ಕೂತಿದೆ, ವಾಲ್ವುಗಳು ಬಹುಶಃ ಇನ್ನೂ ಉಳಿದಿವೆ, ಬೆಲ್ಟ್ ತೆಗೆದು ಸರಿಯಾಗಿ ಹಾಕಿದರೆ ಗಾಡಿ ಓಡಬಹುದು. ಎರಡರಲ್ಲಿ ಸರಿಯಾಗಿದ್ದು ಎರಡರಲ್ಲಿ ಸೊನ್ನೆಯಾಗಿದ್ದರೆ ವಾಲ್ವ್ ಬಾಗಿದೆ. ಅದನ್ನೂ ಖಚಿತಪಡಿಸಿಕೊಳ್ಳಲು ಪಿಸ್ಟನ್ ಮೇಲಿರುವಾಗ, ವಾಲ್ವುಗಳೆರಡೂ ಮುಚ್ಚಿರಬೇಕಾದ ಹೊತ್ತಿನಲ್ಲಿ, ಆ ಸಿಲಿಂಡರಿನೊಳಗೆ ಕಂಪ್ರೆಸರಿನಿಂದ ಗಾಳಿ ಬಿಟ್ಟು ಕಿವಿಗೊಟ್ಟರೆ ಸಾಕು: ಏರ್ ಫಿಲ್ಟರಿನ ಕಡೆ ಬುಸ್ಸೆಂದರೆ ಒಳಗಾಳಿಯ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿಸಿದರೆ ಹೊಗೆಯ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿಸಿದರೆ ಪಿಸ್ಟನ್ ರಿಂಗ್. ಹೆಡ್ ಇಳಿಸುವ ತೀರ್ಮಾನವನ್ನು ಈ ಪರೀಕ್ಷೆಗೆ ಮೊದಲು ಯಾರೂ ಮಾಡಬಾರದು. ಹೆಡ್ ಇಳಿಯಿತೆಂದರೆ ವಾಲ್ವ್, ಗೈಡ್, ಗ್ಯಾಸ್ಕೆಟ್, ಲೇತ್ ಕೆಲಸ ಎಂದು ಖರ್ಚು ಬೆಳೆಯುತ್ತದೆ, ಬಿಡಿಭಾಗ ಮೈಸೂರಿನಿಂದ ಬರಬೇಕಾದರೆ ಗಾಡಿ ದಿನಗಟ್ಟಲೆ ನಿಲ್ಲುತ್ತದೆ.

ಈ ಪರೀಕ್ಷೆಗಳಿಗೆಲ್ಲ ಅಡ್ಡಬರುವ ಒಂದು ಮಾತಿದೆ: ಇನ್ನೊಂದ್ ಸಲ ಸೆಲ್ಫ್ ಹೊಡಿ. ಅದಕ್ಕಿಂತ ಕೆಟ್ಟದ್ದು ಇಳಿಜಾರಿನಲ್ಲಿ ಗೇರಿಗೆ ಹಾಕಿ ತಳ್ಳುವುದು, ಅಥವಾ ಮತ್ತೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಯುವುದು. ಬ್ಯಾಟರಿ ಸೋತ ಕಾರಿಗೆ ಅದು ಮದ್ದಾದರೂ, ಟೈಮಿಂಗ್ ತಪ್ಪಿದ ಎಂಜಿನ್ನನ್ನು ಚಕ್ರಗಳ ಬಲದಿಂದ ತಿರುಗಿಸಿದಾಗ ಸೆಲ್ಫ್ ಮೋಟಾರಿಗಿಂತ ಎಷ್ಟೋ ಪಾಲು ಹೆಚ್ಚಿನ ಬಲ ಪಿಸ್ಟನ್ನಿನ ಹಿಂದೆ ನಿಲ್ಲುತ್ತದೆ. ಒಂದು ವಾಲ್ವ್ ಬಾಗುವಲ್ಲಿ ಎಂಟೂ ಬಾಗುತ್ತವೆ, ವಾಲ್ವಿನ ತಲೆ ಮುರಿದು ಬಿದ್ದರೆ ಪಿಸ್ಟನ್ನೂ ಹೋಗುತ್ತದೆ. ಚೆಕ್‌ಪೋಸ್ಟ್ ಮುಚ್ಚುವ ಹೊತ್ತಾಯಿತೆಂಬುದು ಈ ಪ್ರಯೋಗಕ್ಕೆ ಸಾಕಾದ ಕಾರಣವಲ್ಲ. ಗುಂಡ್ಲುಪೇಟೆಯಲ್ಲಿ ಒಂದು ರಾತ್ರಿ ಉಳಿಯುವ ಖರ್ಚು ಹೆಡ್ ಕೆಲಸದ ಖರ್ಚಿನ ಮುಂದೆ ಏನೂ ಅಲ್ಲ.

ಕಾರಿನ ಮಾಲೀಕರು ಎಂಜಿನ್ ಬಲ್ಲವರಾಗಬೇಕಿಲ್ಲ, ಆದರೆ ಗಾಡಿಯನ್ನು ಬಿಡುವಾಗ ಅದು ಓಡಿಕೊಂಡು ಬಂತೋ ಎಳೆದು ತಂದದ್ದೋ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಬೇಕು, ಬೆಲ್ಟಿನ ಜೊತೆಗೆ ಟೆನ್ಷನರ್ ಮತ್ತು ಐಡ್ಲರ್ ಬೇರಿಂಗುಗಳನ್ನೂ ಬದಲಿಸಲು ಹೇಳಬೇಕು, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು, ಮತ್ತು ಕೀ ಹಾಕುವ ಮುನ್ನ ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ತೋರಿಸುವಂತೆ ವಿನಯದಿಂದಲೇ ಒತ್ತಾಯಿಸಬೇಕು. ಕೆಲಸ ಬಲ್ಲ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ. ವ್ಯಾಜ್ಯ ಬಂದು ಜಿಲ್ಲಾ ಗ್ರಾಹಕರ ಆಯೋಗದವರೆಗೆ ಹೋದರೆ ಅಲ್ಲಿ ನೆರವಿಗೆ ಬರುವುದು ಈ ಜಾಬ್ ಕಾರ್ಡ್ ಮತ್ತು ಬಿಲ್. ಹೊಸ ಬೆಲ್ಟ್ ಹಾಕಿದ ದಿನಾಂಕವನ್ನೂ ಆ ದಿನ ಮೀಟರ್ ತೋರಿಸಿದ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆಸಿ ಬಾನೆಟ್ಟಿನ ಒಳಬದಿಗೆ ಅಂಟಿಸಿಡಿ. ಗಾಡಿ ಕೈ ಬದಲಾದರೂ ಮುಂದಿನವರಿಗೆ ಅದು ಬೇಕಾಗುತ್ತದೆ.